ದೇವರಿಗೂ ಆಳು ಸಿಗೋದಿಲ್ಲ

ಇನಾಸಣ್ಣನಿಗೆ ಪಿಸುಮಾತು ಬರುತ್ತಿರಲಿಲ್ಲ. ಪ್ರಯತ್ನಪಡುತ್ತಿರಲಿಲ್ಲ ಎಂದಲ್ಲ. ಗುಟ್ಟು ಹೇಳಬೇಕಾದಾಗ ಬಗ್ಗಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಹುಬ್ಬು ಮೇಲೇರಿಸಿ, ಗುಟ್ಟಿಗೆ ಬೇಕಾದ ಸಕಲ ಸಿದ್ಧತೆಯನ್ನೂ ಮಾಡಿಕೊಳ್ಳುತ್ತಿದ್ದರು. ಆಮೇಲೆ ಹೊರಡುತ್ತಿದ್ದ ಧ್ವನಿ ಮಾತ್ರ ಘಾಟಿಯ ತಿರುವಿನಲ್ಲಿ ಲಾರಿ ಹಾರ್ನ್ ಹೊಡೆದಂತೆ ಇರುತ್ತಿತ್ತು.

ನಾನು ಬಣಕಲ್‌ನಿಂದ ಒಳಗೆ ಹೋಗಬೇಕಾದ ಒಂದು ಹಳ್ಳಿಯ ಚರ್ಚಿನ ಶಾಲೆಗೆ ಕನ್ನಡ ಟೀಚರಾಗಿ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಸೇರಿದ ವಾರದಲ್ಲೇ ಬಿಷಪ್ಪರು ಬಂದಿದ್ದರು. ಚರ್ಚಿನೊಳಗೆ ಎಲ್ಲರೂ ಕಣ್ಣು ಮುಚ್ಚಿ ಮೌನ ಪ್ರಾರ್ಥನೆಯಲ್ಲಿದ್ದಾಗ ಗೋಡೆ ಬದಿಯಿಂದ ಅಂಗೈ ಅಡ್ಡ ಹಿಡಿದ ಗುಟ್ಟೊಂದು ಹೊರಟಿತು. "ಫಾದರ್, ಬಿಷಪ್ಪರ ಚಹಾಕ್ಕೆ ಸಕ್ಕರೆ ಹಾಕೂದಾ? ಅವ್ರಿಗೆ ಶುಗರ್ ಉಂಟಂತೆ!"

ಬಿಷಪ್ಪರು ಕಣ್ಣು ತೆರೆಯದೆಯೇ, "ಅರ್ಧ ಚಮಚ ಹಾಕಪ್ಪ" ಎಂದರು.

ನಾನು ಕಳಸದ ಕಡೆಯ ಪುರೋಹಿತರ ಮಗಳು. ಗಂಟೆ, ದೀಪ, ಧೂಪ, ಮಂತ್ರದ ನಡುವೆ ತೂಕಡಿಸುವ ಭಕ್ತರು, ಇವು ಯಾವುದೂ ನನಗೆ ಹೊಸದಲ್ಲ. ಆದರೆ ದೇವರ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿಯೂ ಯಾರಿಂದಲೂ ಬೈಸಿಕೊಳ್ಳದ ಮನುಷ್ಯನನ್ನು ನೋಡಿದ್ದು ಅದೇ ಮೊದಲು. ಅವತ್ತೇ ನನಗೆ ಅವರು ಇಷ್ಟವಾದರು.

ಅವರ ಕೆಲಸಕ್ಕೆ ಒಂದು ಹೆಸರಿರಲಿಲ್ಲ. ಗಂಟೆ ಹೊಡೆಯುವುದು, ಗುಡಿಸುವುದು, ಮೇಣದಬತ್ತಿ ಹಚ್ಚುವುದು, ಫಾದರ್‌ಗೆ ಪೂಜೆಯ ಬಟ್ಟೆ ತೆಗೆದಿಡುವುದು, ಹೊಂಡ ತೋಡುವುದು, ಹೆಣ ಇಳಿಸುವುದು, ಮದುವೆಯಲ್ಲಿ ವಧುವಿನ ಉದ್ದನೆಯ ಸೆರಗು ಬಾಗಿಲಿಗೆ ಸಿಕ್ಕಿಕೊಂಡರೆ ಬಿಡಿಸುವುದು, ಎಲ್ಲವೂ ಅವರದೇ. ಕುಳ್ಳಗಿನ ಆಳು. ಮೊಣಕಾಲಿನವರೆಗೆ ಮಡಚಿದ ಖಾಕಿ ಪ್ಯಾಂಟು, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಓದು ಎರಡನೇ ಕ್ಲಾಸಿಗೇ ನಿಂತಿತ್ತು. "ನಿಲ್ಸಿದ್ದು ನಾನಲ್ಲ ಟೀಚರೇ, ಮೇಷ್ಟ್ರು" ಎನ್ನುತ್ತಿದ್ದರು.

ಒಂದು ದಿನ ಊಟದ ಬಿಡುವಿನಲ್ಲಿ ನಾನು ಕೇಳಿದೆ, "ಇನಾಸಣ್ಣ, ನಿಮ್ಮನ್ನು ಈ ಕೆಲಸಕ್ಕೆ ಹೇಗೆ ಆರಿಸಿದರು?"

ಅವರು ಅಡಿಕೆ ಹೋಳನ್ನು ದವಡೆಯ ಒಂದು ಬದಿಗೆ ತಳ್ಳಿದರು. "ಕೊಯ್ಲಿನ ಟೈಮಲ್ಲಿ ಎಸ್ಟೇಟಿನವ್ರು ಆಳು ಕರಿಯೂದು ನೋಡಿದೀರಲ್ಲ? ಮೊದ್ಲು ಒಳ್ಳೊಳ್ಳೆ ಆಳಿಗೆ ಹೇಳಿ ಕಳಿಸ್ತಾರೆ. ಅವ್ರಿಗೆ ಬೇರೆ ಕಡೆ ಕೆಲ್ಸ. ಹಣ್ಣು ಗಿಡದಲ್ಲೇ ಒಣಗ್ತಾ ಉಂಟು. ಆಮೇಲೆ ಎಂತ ಮಾಡ್ತಾರೆ? ಜೀಪು ತಕ್ಕೊಂಡು ಹೋಗಿ ಕುಂಟನನ್ನೂ ಹತ್ತಿಸ್ತಾರೆ, ಅಜ್ಜಿಯನ್ನೂ ಹತ್ತಿಸ್ತಾರೆ. ದೇವ್ರಿಗೂ ಹಂಗೇ, ಆಳು ಸಿಗೂದಿಲ್ಲ ಮಾರಾಯ್ರೆ. ಓದಿದವ್ರು ಬರೂದಿಲ್ಲ, ದುಡ್ಡಿದ್ದವ್ರಿಗೆ ಪುರುಸೊತ್ತಿಲ್ಲ. ಜೀಪು ನಮ್ಮ ಮನೆ ಎದುರು ನಿಂತಿತು. ನಾನು ಹತ್ತಿ ಕೂತೆ."

ಇದನ್ನು ಅವರು ವಿನಯ ತೋರಿಸಲು ಹೇಳಿದ್ದಲ್ಲ. ಎಸ್ಟೇಟಿನ ಮೇಸ್ತ್ರಿ ಕೂಲಿ ರೇಟು ಹೇಳಿದಷ್ಟು ಸಹಜವಾಗಿ ಹೇಳಿದರು. ಹೇಳಿ ಎದ್ದು ಗಂಟೆ ಹೊಡೆಯಲು ಹೋದರು.

ಹಳೆಯ ಫಾದರ್ ವರ್ಗವಾಗಿ ಫಾದರ್ ಆಲ್ವಿನ್ ಬಂದ ಮೇಲೆ ಇನಾಸಣ್ಣನಿಗೆ ಕಷ್ಟಕಾಲ ಶುರುವಾಯಿತು. ಫಾದರ್ ಆಲ್ವಿನ್ ಚಿಕ್ಕ ವಯಸ್ಸಿನವರು, ಮಂಗಳೂರು ಪೇಟೆಯವರು, ಚೆನ್ನಾಗಿ ಓದಿದವರು. ಚರ್ಚಿಗೆ ಹೊಸ ಮೈಕ್ ಹಾಕಿಸಿದರು. ಹಾಡುವವರಿಗೆ ತಾಳ ಕಲಿಸಿದರು. ಶ್ರದ್ಧೆಯ ಮನುಷ್ಯ, ಸಂಶಯವಿಲ್ಲ. ಆದರೆ ಪೂಜೆ ಎಂದರೆ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಒಂದೂ ಸುಕ್ಕಿಲ್ಲದೆ ಇರಬೇಕು ಎನ್ನುವವರು. ಆ ಬಟ್ಟೆಯ ನಟ್ಟನಡುವಿನ ಸುಕ್ಕೇ ಇನಾಸಣ್ಣ.

ಮೊದಲ ಭಾನುವಾರವೇ ಫಾದರ್ ಪ್ರಬೋಧನೆಯಲ್ಲಿ ಮೈಮರೆತಿದ್ದಾಗ, "ಫಾದರ್, ಮೈಕ್ ಆಫ್ ಉಂಟು!" ಎಂಬ ಗುಟ್ಟು ಕೇಳಿಸಿತು. ಮೈಕಿಲ್ಲದೆಯೇ ಅದು ಕೊನೆಯ ಬೆಂಚಿನವರೆಗೂ ತಲುಪಿತು.

"ಇನಾಸಣ್ಣ, ಇನ್ನು ಮೇಲೆ ಚರ್ಚಿನ ಒಳಗೆ ನೀವು ಮಾತಾಡಬಾರದು" ಎಂದು ಫಾದರ್ ಆಜ್ಞೆ ಮಾಡಿದರು.

"ಪ್ರಾರ್ಥನೆ?"

"ಮನಸ್ಸಿನಲ್ಲೇ ಮಾಡಿ."

ಮಳೆಗಾಲ ಮುಗಿದ ಮೇಲೆ ಬೇರೆ ಯಾರನ್ನಾದರೂ ನೋಡಬೇಕು, ಇವರಿಗೂ ವಯಸ್ಸಾಯಿತು ಎಂದು ಫಾದರ್ ನಮ್ಮ ಹೆಡ್‌ಮಿಸ್ ಸಿಸ್ಟರ್ ಹತ್ತಿರ ಹೇಳಿದ್ದು ಸ್ಟಾಫ್ ರೂಮಿಗೂ ಬಂತು, ಅಲ್ಲಿಂದ ಇನಾಸಣ್ಣನ ಮನೆಗೂ ಹೋಯಿತು. ಅವರ ಹೆಂಡತಿ ಕಾರ್ಮಿನ್‌ಬಾಯಿ ಒಂದು ದಿನ ನನ್ನ ಹತ್ತಿರ ಕಣ್ಣೀರು ಹಾಕಿದರು. ಚರ್ಚಿನ ಹಿಂದಿನ ಆ ಎರಡು ಕೋಣೆಯ ಮನೆ ಕೆಲಸದ ಜೊತೆಗೇ ಬಂದದ್ದು, ಕೆಲಸ ಹೋದರೆ ಅದೂ ಹೋಗುತ್ತಿತ್ತು. ಇನಾಸಣ್ಣ ಮಾತ್ರ, "ಫಾದರ್ ಹೇಳೂದು ಸರಿ. ಗಂಟೆ ಒಂದು ಸಾಕು, ಚರ್ಚಿಗೆ ಎರಡು ಎಂತಕ್ಕೆ?" ಎಂದು ನಕ್ಕರು. ಆದರೆ ಆ ವಾರವೆಲ್ಲ ಅವರು ಎಲೆಯಡಿಕೆ ಮುಟ್ಟಲಿಲ್ಲ.

ಇನ್ನು ಬೋನಾ ಸಾಹುಕಾರರ ಮಾತು ಹೇಳಬೇಕು. ಹಳ್ಳದಾಚೆಯ ಎಸ್ಟೇಟಿನ ಮಾಲೀಕರು. ಅವರ ಸೊಸೆ ಲಿಲ್ಲಿ ನಮ್ಮ ಶಾಲೆಯಲ್ಲೇ ಗಣಿತದ ಟೀಚರು, ನನ್ನ ಸ್ನೇಹಿತೆ. ಸಾಹುಕಾರರು ಚರ್ಚಿಗೆ ಕಾಲಿಡದೆ ಎಷ್ಟೋ ವರ್ಷವಾಗಿತ್ತು. ಹಬ್ಬದ ಮೆರವಣಿಗೆಯಲ್ಲಿ ದೊಡ್ಡ ಮೇಣದಬತ್ತಿ ಹಿಡಿಯುವ ಮರ್ಯಾದೆ ಯಾವುದೋ ಒಂದು ವರ್ಷ ತಪ್ಪಿ ಅವರ ತಮ್ಮ ಗ್ರೆಗರಿ ಸಾಹುಕಾರರಿಗೆ ಹೋಗಿತ್ತು. ಅವತ್ತಿನಿಂದ ಅಣ್ಣ ಚರ್ಚನ್ನೂ ಬಿಟ್ಟರು, ತಮ್ಮನನ್ನೂ ಬಿಟ್ಟರು. ಇಬ್ಬರ ಮನೆಯೂ ಎದುರುಬದುರು ಗುಡ್ಡದ ಮೇಲೆ. ಬೆಳಿಗ್ಗೆ ಇಬ್ಬರೂ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಒಬ್ಬರ ಹೊಗೆಗೂಡನ್ನು ಇನ್ನೊಬ್ಬರು ನೋಡುತ್ತಿದ್ದರು, ಮಾತಿಲ್ಲ.

ವಯಸ್ಸಾದಂತೆ ಬೋನಾ ಸಾಹುಕಾರರ ಕಿವಿಯೂ ಹೋಯಿತು. ಪಾಪನಿವೇದನೆ ಕೇಳಲು ಹೋದ ಫಾದರುಗಳನ್ನೆಲ್ಲ ಅವರು ವಾಪಸು ಕಳಿಸಿದ್ದರು. "ನೀವು ಕೇಳಿದ್ದು ನನಗೆ ಕೇಳ್ಬೇಕಾದ್ರೆ ನೀವು ಕೂಗ್ಬೇಕು. ನಾನು ಹೇಳಿದ್ದು ನನಗೇ ಕೇಳ್ಬೇಕಾದ್ರೆ ನಾನೂ ಕೂಗ್ಬೇಕು. ನನ್ನ ಪಾಪ ಇಡೀ ಕೂಲಿ ಲೈನಿಗೆ ಗೊತ್ತಾಗೂದು ಬೇಡ" ಎನ್ನುತ್ತಿದ್ದರು. ವಾದ ಗಟ್ಟಿಯಾಗಿಯೇ ಇತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಎಸ್ಟೇಟಿನ ಆಳೊಬ್ಬ ಮಳೆಗೆ ಎಲೆಯ ಗೊರಬಲು ಹೊದ್ದು ಓಡಿಬಂದ. ಸಾಹುಕಾರರಿಗೆ ಕಾಯಿಲೆ ತೀರ ಜೋರಾಗಿದೆ, ಡಾಕ್ಟರು ಕೈಬಿಟ್ಟಿದ್ದಾರೆ, ಫಾದರ್ ಬರಬೇಕಂತೆ. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಲಿಲ್ಲಿಯ ಗಂಡ ಊರಿನಲ್ಲಿಲ್ಲ, ಅವಳೊಬ್ಬಳೇ ಎಂದು ನಾನೂ ಜೀಪು ಹತ್ತಿದೆ. ಹಿಂದಿನ ಸೀಟಿನಲ್ಲಿ ಪೂಜೆಯ ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿಕೊಂಡು ಇನಾಸಣ್ಣ, ಬಾಯಿ ಬಿಗಿದು ಕೂತಿದ್ದರು.

ಜೀಪು ಹಳ್ಳದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮರದ ಸಂಕ ದಾಟಿ ನಡೆಯಬೇಕು. ಕೆಂಪು ನೀರು ಸಂಕಕ್ಕೆ ಒಂದು ಗೇಣು ಕೆಳಗೆ ಹರಿಯುತ್ತಿತ್ತು. ಫಾದರ್ ಧೈರ್ಯವಾಗಿ ಹೆಜ್ಜೆಯಿಟ್ಟರು. ಪೇಟೆಯ ಬೂಟು, ಪಾಚಿ ಕಟ್ಟಿದ ಮರ. ಹಳ್ಳಕ್ಕೆ ಬೀಳದೆ ದಡಕ್ಕೇ ಬಿದ್ದದ್ದು ಪುಣ್ಯ. ಪಾದ ಉಳುಕಿ ನೋಡನೋಡುತ್ತಲೇ ಊದಿಕೊಂಡಿತು. ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು. ಅವರ ಮುಖ ಬಿಳಚಿಕೊಂಡಿತ್ತು. ನೋವಿಗಿಂತ ಹೆಚ್ಚಾಗಿ, ಆಚೆ ದಡದಲ್ಲಿ ಒಬ್ಬರು ಸಾಯುತ್ತಿದ್ದಾರೆ, ತಾನು ಈಚೆ ಕೂತಿದ್ದೇನೆ ಎಂಬ ಸಂಕಟ.

"ಇನಾಸಣ್ಣ, ನೀವು ಹೋಗಿ" ಎಂದರು.

"ನಾನಾ? ನಾನು ಹೋಗಿ ಎಂತ ಮಾಡೂದು ಫಾದರ್?"

"ನಾಲ್ಕು ಜನ ಆಳನ್ನು ಕಳಿಸಿ, ನನ್ನನ್ನು ಎತ್ತಿಕೊಂಡು ಹೋಗಲಿ. ಅಲ್ಲಿಯವರೆಗೆ ಅವರ ಹತ್ತಿರ ಕೂತು ಪ್ರಾರ್ಥನೆ ಮಾಡಿ. ನಿಮಗೆ ಗೊತ್ತಿರೋದು ಯಾವುದಾದರೂ ಸರಿ."

ನಾವಿಬ್ಬರೂ ದಾಟಿದೆವು. ಸಂಕವನ್ನು ಸಲೀಸಾಗಿ ದಾಟಿ, ನಾಲ್ಕು ಆಳುಗಳನ್ನು ಫಾದರ್ ಇದ್ದಲ್ಲಿಗೆ ಓಡಿಸಿದ ಇನಾಸಣ್ಣ ಸಾಹುಕಾರರ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟರು.

ದೊಡ್ಡ ಮಂಚದಲ್ಲಿ ಸಾಹುಕಾರರು ಕಣ್ಣು ಮುಚ್ಚಿ ಮಲಗಿದ್ದರು. ಉಸಿರು ಎಳೆಯುವ ಸದ್ದು. ಲಿಲ್ಲಿ ಕಾಲ ಬಳಿ, ಮನೆಯಾಳುಗಳು ಗೋಡೆಗಂಟಿ ನಿಂತಿದ್ದರು. ಎಲ್ಲರೂ ಇನಾಸಣ್ಣನ ಮುಖ ನೋಡಿದರು. ಜೀವಮಾನವೆಲ್ಲ ಪೂಜೆಗೆ ಗಂಟೆ ಹೊಡೆದ ಮನುಷ್ಯನಿಗೆ ಆ ಕ್ಷಣ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ. ಕೊನೆಗೆ ಕೈ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ತಮ್ಮ ಪೂರ್ತಿ ಧ್ವನಿಯಲ್ಲಿ ಶುರುಮಾಡಿದರು.

"ಸ್ವಾಮಿ ದೇವರೇ! ನಮ್ಮ ಮುಂದೆ ಇಟ್ಟಿರುವ ಇದನ್ನು ಆಶೀರ್ವದಿಸು! ಇದನ್ನು ಬೇಯಿಸಿದ ಕೈಗಳನ್ನೂ ಆಶೀರ್ವದಿಸು! ಇದು ನಮ್ಮ ಮೈಗೆ ಹತ್ತಲಿ! ಹಸಿದವರಿಗೂ ಇದರಲ್ಲಿ ಪಾಲು ಸಿಗಲಿ!"

ಅದು ಊಟಕ್ಕೆ ಮುಂಚಿನ ಪ್ರಾರ್ಥನೆ ಎಂದು ನನಗೂ ಗೊತ್ತಾಯಿತು. ನಮ್ಮ ಶಾಲೆಯ ಮಕ್ಕಳು ಬುತ್ತಿ ಬಿಚ್ಚುವ ಮೊದಲು ದಿನಾ ಹೇಳುತ್ತಿದ್ದದ್ದು ಅದನ್ನೇ. ಲಿಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಂಚದ ಮೇಲೆ ಒಂದು ಕಣ್ಣು ತೆರೆಯಿತು.

"ಇನಾಸ" ಎಂದರು ಸಾಹುಕಾರರು, ಸಣ್ಣ ದನಿಯಲ್ಲಿ. "ನನ್ನನ್ನ ತಿನ್ನೂಕೆ ಬಂದಿದೀಯೇನೋ?"

ಅಳುತ್ತಿದ್ದವರೆಲ್ಲ ಅಳುತ್ತಲೇ ನಕ್ಕುಬಿಟ್ಟರು. ಸಾಹುಕಾರರ ಹೊಟ್ಟೆಯೂ ಹೊದಿಕೆಯ ಕೆಳಗೆ ಕುಲುಕಿತು. ಆಮೇಲೆ ಅವರು ಆಶ್ಚರ್ಯದಿಂದ ಸೊಸೆಯ ಕಡೆ ತಿರುಗಿದರು. "ಇವನು ಹೇಳಿದ್ದು ನನಗೆ ಕೇಳಿತು ಕಣೇ. ಅಕ್ಷರ ಅಕ್ಷರ ಕೇಳಿತು."

ಇನಾಸಣ್ಣ ಮಂಚದ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಇಬ್ಬರೂ ಮಾತಾಡಿದರು. ಮಳೆ, ಮೆಣಸಿನ ಬಳ್ಳಿ, ಸತ್ತುಹೋದ ಒಂದು ನಾಯಿ. ದೇವರ ಸುದ್ದಿಯೇ ಇಲ್ಲ. ಹಾಗೇ ಮಾತಿನ ನಡುವೆ ಇನಾಸಣ್ಣ, "ತಮ್ಮನವ್ರನ್ನ ನೋಡ್ಬೇಕಾ ಸಾಹುಕಾರ್ರೆ?" ಎಂದು ಕೇಳಿದರು.

ಸಾಹುಕಾರರು ಕಿಟಕಿಯ ಕಡೆ ನೋಡಿದರು. "ಅವನು ಬರೂದಿಲ್ಲ."

"ಬಂದ್ರೆ?"

ಬೇಡ ಎನ್ನಲಿಲ್ಲ ಎಂಬುದನ್ನೇ ಹಿಡಿದುಕೊಂಡು ಇನಾಸಣ್ಣ ಎದ್ದು ಜಗುಲಿಗೆ ಹೋದರು. ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದರು. ಈ ಸಲ ಗುಟ್ಟಿಗಾಗಿ ಅಲ್ಲ.

"ಗ್ರೆಗರಿ ಸಾಹುಕಾರ್ರೇಏಏ! ನಿಮ್ಮಣ್ಣ ಕರೀತಾ ಇದಾರೇಏಏ! ಬರ್ಬೇಕಂತೇಏಏ!"

ಕೂಗು ಮಳೆಯನ್ನು ಸೀಳಿಕೊಂಡು ಹೋಗಿ ಎದುರು ಗುಡ್ಡಕ್ಕೆ ಬಡಿದು ವಾಪಸು ಬಂತು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಎದ್ದು ನಿಂತರು. ಲೈನಿನವರು ಬಾಗಿಲಿಗೆ ಬಂದರು. ಗ್ರೆಗರಿ ಸಾಹುಕಾರರಿಗೆ ಬೇರೆ ದಾರಿ ಇರಲಿಲ್ಲ, ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ.

ಬಂದರು. ದೊಡ್ಡ ಕಪ್ಪು ಕೊಡೆ, ಮನೆಯೊಳಗೆ ಹಾಕುವ ಚಪ್ಪಲಿ, ಕೆಸರಾದ ಪಂಚೆ. ಕೋಣೆಯ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಅಣ್ಣ ತಮ್ಮನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು.

"ಕಾಲು ಒರೆಸ್ಕೊಂಡು ಬಾ" ಎಂದರು.

ಅಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಗ್ರೆಗರಿ ಸಾಹುಕಾರರು ಗೋಣಿಚೀಲದ ಮೇಲೆ ಕಾಲು ಒರೆಸತೊಡಗಿದರು. ಒರೆಸಿದರು, ಒರೆಸಿದರು, ನಿಲ್ಲಿಸಲೇ ಇಲ್ಲ. ತಲೆ ಬಗ್ಗಿಸಿದ್ದರು, ಭುಜ ಕುಲುಕುತ್ತಿತ್ತು. ಕೊನೆಗೆ ಲಿಲ್ಲಿ ಕೈಹಿಡಿದು ಒಳಗೆ ಕರೆದುಕೊಂಡು ಬಂದಳು.

ಅಷ್ಟರಲ್ಲಿ ಆಳುಗಳು ಫಾದರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೊತ್ತು ತಂದರು. ಸಾಹುಕಾರರು ಪಾಪನಿವೇದನೆಗೆ ಸಿದ್ಧ ಎಂದರು, ಆದರೆ ಕಣ್ಣಲ್ಲೇ ಹೊರಗಿನ ಜನರನ್ನು ತೋರಿಸಿದರು. ಫಾದರ್ ಇನಾಸಣ್ಣನನ್ನು ಹತ್ತಿರ ಕರೆದರು.

"ಇನಾಸಣ್ಣ, ಜಗುಲಿಯಲ್ಲಿ ನಿಂತು ಜಪಸರದ ಪ್ರಾರ್ಥನೆ ಹೇಳಿ. ಎಲ್ಲರಿಂದಲೂ ಹೇಳಿಸಿ."

"ಮನಸ್ಸಿನಲ್ಲಿ?"

"ಬೇಡ" ಎಂದರು ಫಾದರ್, ತುಸು ಕೆಂಪಾಗಿ. "ನಿಮ್ಮ ಧ್ವನಿಯಲ್ಲಿ. ಇವತ್ತು ಏನೂ ಕಡಿಮೆ ಮಾಡಬೇಡಿ."

ಇನಾಸಣ್ಣ ಅಂಗಳದ ಜನರ ಎದುರು ನಿಂತು "ನಮೋ ಮರಿಯಾ" ಎಂದು ಎತ್ತಿಕೊಂಡರೆ ಮಾಡಿನ ಹಂಚು ಅದುರಿತು. ಒಳಗೆ ಸಾಹುಕಾರರು ಪಾಪಗಳನ್ನು ಕೂಗುತ್ತಿದ್ದರು, ಹೊರಗೆ ಇನಾಸಣ್ಣ ಅವನ್ನು ಒಂದೊಂದಾಗಿ ಮುಳುಗಿಸುತ್ತಿದ್ದರು. ಉಸಿರಿಗೆಂದು ಒಮ್ಮೆ ಮಾತ್ರ ನಿಲ್ಲಿಸಿದರು. ಆ ಸಂದಿಯಲ್ಲಿ, "ಬೇಲಿ ಸರಿಸಿದ್ದೂ ನಾನೇ..." ಎಂಬುದೊಂದು ಹೊರಬಂತು. ಜಗುಲಿಯಲ್ಲಿದ್ದ ಗ್ರೆಗರಿ ಸಾಹುಕಾರರು, "ನನಗೆ ಗೊತ್ತಿತ್ತು!" ಎಂದು ತೊಡೆ ತಟ್ಟಿದರು. ಇನಾಸಣ್ಣ ಗಾಬರಿಯಿಂದ ಇನ್ನೂ ಎರಡು ಪಟ್ಟು ಜೋರಾಗಿ ಮುಂದುವರಿಸಿದರು.

ಸಾಹುಕಾರರು ಆ ವಾರದ ಕೊನೆಗೆ ತೀರಿಹೋದರು, ತಮ್ಮನ ಕೈ ಹಿಡಿದುಕೊಂಡು.

ಅವತ್ತು ವಾಪಸು ಬರುವಾಗ ಜೀಪಿನಲ್ಲಿ ನಾನು ಕೇಳಿದ್ದೆ, "ಊಟದ ಪ್ರಾರ್ಥನೆ ಯಾಕೆ ಇನಾಸಣ್ಣ? ಜಪಸರ ಬರುತ್ತಿತ್ತಲ್ಲ?"

"ಎಂತ ಮಾಡೂದು ಟೀಚರೇ, ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಹಸಿವಾಗಿತ್ತು."

ಮುಂದಿನ ಸೀಟಿನಲ್ಲಿ ಊದಿದ ಕಾಲು ಚಾಚಿ ಕೂತಿದ್ದ ಫಾದರ್ ಆಲ್ವಿನ್ ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಬೇರೆ ಆಳು ಹುಡುಕುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಸುದ್ದಿ ಹಬ್ಬಿ, ಇನಾಸಣ್ಣನ ಪ್ರಾರ್ಥನೆಗೆ ಶಕ್ತಿಯಿದೆ ಎಂದು ಜನ ಹುಡುಕಿಕೊಂಡು ಬರತೊಡಗಿದರು. ಗೋಣಿಬೀಡಿನ ಕಡೆಯವರೊಬ್ಬರು ಕೆಚ್ಚಲು ಬಾತ ಹಸುವನ್ನೇ ಮಿನಿ ಲಾರಿಯಲ್ಲಿ ತಂದು ಇಳಿಸಿದರು. "ದನದ ಡಾಕ್ಟ್ರ ಹತ್ರ ಹೋಗಿ ಮಾರಾಯ್ರೆ!" ಎಂದು ಇನಾಸಣ್ಣ ಬೈದು ಕಳಿಸಿದರು. "ಮಳೆ ನೀರು ಹೊಲಕ್ಕೆ ಹೋದ್ರೆ ಅದನ್ನ ಹಾಯಿಸಿದ ಬಿದಿರಿನ ದಂಬೆಗೆ ಯಾರಾದ್ರೂ ಕೈ ಮುಗೀತಾರಾ? ನಾನು ದಂಬೆ ಅಷ್ಟೆ" ಎಂದು ನನ್ನ ಹತ್ತಿರ ಗೊಣಗಿದರು.

ಮುಂದಿನ ವರ್ಷದ ಪವಿತ್ರ ಗುರುವಾರ ಫಾದರ್ ಇನಾಸಣ್ಣನನ್ನು ಬಿಡಲಿಲ್ಲ. ಆ ದಿನ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಸಾಮಾನ್ಯವಾಗಿ ಊರಿನ ಸಾಹುಕಾರರುಗಳೇ ಕೂರುತ್ತಿದ್ದರು, ಮನೆಯಲ್ಲೇ ಸೋಪು ಹಾಕಿ ತಿಕ್ಕಿ ತೊಳೆದ ಕಾಲುಗಳೊಂದಿಗೆ. ಆ ಸಲ ಸಾಲಿನ ಕೊನೆಯಲ್ಲಿ ಇನಾಸಣ್ಣ ಕೂರಬೇಕೆಂದು ಆಜ್ಞೆಯಾಯಿತು.

"ನನ್ನ ಕಾಲು ಕಾಲಲ್ಲ ಫಾದರ್" ಎಂದು ಅಂಗಲಾಚಿದರು. ಕೊನೆ ಗಳಿಗೆಯಲ್ಲಿ ಚರ್ಚಿನ ಹಿಂದಿನ ಚರಂಡಿಯಲ್ಲಿ ಅಡಗಿದ್ದವರನ್ನು ಕಾರ್ಮಿನ್‌ಬಾಯಿಯೇ ಎಳೆದು ತಂದು ಕೂರಿಸಿದರು. ಆ ವರ್ಷ ಕಾಫಿ ಹೂವರಳಿಸುವ ಹೂಮಳೆ ಬಿಡದೆ ಬಂದು, ಚರಂಡಿಯಲ್ಲಿ ರಕ್ತ ಹೀರುವ ಇಂಬಳಗಳೂ ಬೇಗ ಎದ್ದಿದ್ದವು. ಫಾದರ್ ಬರಿಗಾಲಲ್ಲಿ ಬಂದು ಮಂಡಿಯೂರಿ ಇನಾಸಣ್ಣನ ಬಲಗಾಲನ್ನು ಎತ್ತಿದರು. ಬೆರಳ ಸಂದಿಯಲ್ಲಿ ನೇರಳೆ ಹಣ್ಣಿನಷ್ಟು ದಪ್ಪಗೆ ಒಂದು ಇಂಬಳ. ಅದರ ಪಕ್ಕದಲ್ಲೇ ಹೊಟ್ಟೆ ತುಂಬದ ಇನ್ನೊಂದು, ತಲೆಯೆತ್ತಿ ಗಾಳಿ ಮೂಸುತ್ತಿತ್ತು.

"ಅಯ್ಯೋ ದೇವಾ!"

ಕಾಲರಿಗೆ ಸಿಕ್ಕಿಸಿದ್ದ ಹೊಸ ಮೈಕ್ ಇದನ್ನು ಇಡೀ ಊರಿಗೆ ಮುಟ್ಟಿಸಿತು. ಬೋಗುಣಿ ಮಗುಚಿತು. ಹಸಿದ ಇಂಬಳ ಫಾದರರ ಪಾದಕ್ಕೆ ದಾಟಿತು. ಅವರು ಇನಾಸಣ್ಣನ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಕುಸಿದರು.

ಇನಾಸಣ್ಣ ಅವಸರಪಡಲಿಲ್ಲ. ಕೆಳಗಿಳಿದು, ಸೊಂಟದ ಚೀಲದಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಮುಟ್ಟಿಸಿದರು. ಇಂಬಳ ಉದುರಿತು, ರಕ್ತ ನಿಲ್ಲಲಿಲ್ಲ. ಹೂಜಿಯಲ್ಲಿ ಉಳಿದಿದ್ದ ನೀರನ್ನು ಸುರಿದು, ಆ ಎಳೆಯ ಫಾದರರ ಪಾದವನ್ನು ತೊಳೆದರು. ಬಿಳಿ ಟವೆಲಿನಿಂದ ಒರೆಸಿದರು. ಮಗುವಿನ ಕಾಲು ಒರೆಸುವಂತೆ ಬೆರಳ ಸಂದಿಯನ್ನೂ ಬಿಡದೆ ಒರೆಸಿದರು. ಫಾದರರ ಕಣ್ಣಲ್ಲಿ ನೀರು ಬಂತು.

ಇನಾಸಣ್ಣ ಅಂಗೈ ಅಡ್ಡ ಹಿಡಿದರು. "ಫಾದರ್, ಅಳ್ಬೇಡಿ! ಎಲ್ಲ ನೋಡ್ತಾ ಇದಾರೆ!"

ಆಮೇಲೆ ಫಾದರ್ ಮತ್ತೆ ನೀರು ತರಿಸಿ ಇನಾಸಣ್ಣನ ಕಾಲು ತೊಳೆದೇ ಬಿಟ್ಟರು. ಇನಾಸಣ್ಣ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಮುಖ ಹಿಂಡಿ ಕೂತಿದ್ದರು. "ಕಾಲು ತೊಳೆಯೂದು ಸುಲಭ ಟೀಚರೇ, ತೊಳೆಸ್ಕೊಳ್ಳೂದು ಉಂಟಲ್ಲ, ಅದು ಬಹಳ ಕಷ್ಟ" ಎಂದು ಮರುದಿನವೂ ಹೇಳುತ್ತಿದ್ದರು.

ಮುಂದೆ ನನಗೆ ಸರ್ಕಾರಿ ಕೆಲಸ ಸಿಕ್ಕಿ ಕಡೂರಿನ ಕಡೆ ಹೋದೆ. ಎರಡು ಸಾವಿರದ ಇಸವಿಯ ಮೇಲೆ ಒಂದು ಕ್ರಿಸ್‌ಮಸ್ ರಜೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಆಗ ಅವರಿಗೆ ಮೊಣಕಾಲು ಹಿಡಿದಿತ್ತು, ಗಂಟೆಯ ಕೆಲಸ ಬಿಟ್ಟಿದ್ದರು. ಆದರೆ ಮನೆ ಮಾತ್ರ ಅವರಿಗೇ ಇರಲಿ ಎಂದು ಊರವರು ಒಮ್ಮತದಿಂದ ಹೇಳಿದ್ದರು. ಹಿಂದಿನ ತಿಂಗಳು ಬಿಷಪ್ಪರೇ ಬಂದು ದೀರ್ಘ ಸೇವೆಗೆಂದು ಜರಿಯ ಅಂಚಿನ ಶಾಲು ಹೊದಿಸಿ ಸನ್ಮಾನ ಮಾಡಿದ್ದರಂತೆ.

"ಎಲ್ಲಿ, ಶಾಲು ತೋರಿಸಿ" ಎಂದೆ.

ಅವರು ನನ್ನನ್ನು ಹಿತ್ತಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹುಟ್ಟಿ ಎರಡು ದಿನವಾಗಿದ್ದ ಕರುವೊಂದು ಹುಲ್ಲಿನ ಮೇಲೆ ಮಲಗಿತ್ತು. ಮೈಮೇಲೆ ಬಿಷಪ್ಪರ ಶಾಲು, ಜರಿಯಂಚು ಕುತ್ತಿಗೆಯ ಸುತ್ತ.

"ಚಳಿ ಅದಕ್ಕೆ" ಎಂದರು. "ಸನ್ಮಾನವೂ ಅದಕ್ಕೇ ಒಪ್ತದೆ, ನೋಡಿ ಎಷ್ಟು ಗಂಭೀರವಾಗಿ ಕೂತಿದೆ."

ಅದರ ತಲೆ ಹಿಡಿದುಕೊಳ್ಳಲು ನನಗೆ ಹೇಳಿ, ತಾವು ಬೆರಳಲ್ಲಿ ಬೆಲ್ಲ ತಿನ್ನಿಸಿದರು. ಕೊನೆಯ ಬಸ್ಸಿಗೆ ಹೊರಟಾಗ ಗೇಟಿನವರೆಗೆ ಕುಂಟುತ್ತ ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕೆಲವು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಮಳೆಗಾಲ ಮುಗಿದ ಮೇಲೆ ಹೋದೆ. ಕಾರ್ಮಿನ್‌ಬಾಯಿ ಸಮಾಧಿಗೆ ಕರೆದುಕೊಂಡು ಹೋದರು. ಸಮಾಧಿ ಭೂಮಿಯ ಕೆಳಗಿನ ಮೂಲೆ, ಮಳೆಯ ನೀರೆಲ್ಲ ಇಳಿದು ಬರುವ ಜಾಗ. "ಇಲ್ಲಿ ಯಾರೂ ಒಪ್ಪೂದಿಲ್ಲ, ನನಗೆ ಇದೇ ಇರ್ಲಿ ಅಂತ ಅವ್ರೇ ಹೇಳಿದ್ದು" ಎಂದರು. ಕಲ್ಲಿಲ್ಲ, ಒಂದು ಮರದ ಶಿಲುಬೆ. ಗ್ರೆಗರಿ ಸಾಹುಕಾರರು ಪ್ರತಿ ಭಾನುವಾರ ಹೂವಿನ ಹಾರ ಕಳಿಸುತ್ತಾರಂತೆ.

ನಾವು ಹೋದಾಗ ಬೇಲಿ ನುಗ್ಗಿ ಬಂದ ಒಂದು ಕಂದು ಹಸು ಆ ಹಾರವನ್ನು ನೆಮ್ಮದಿಯಾಗಿ ಮೆಲ್ಲುತ್ತಿತ್ತು. ಕರುವಾಗಿದ್ದಾಗ ಶಾಲು ಹೊದ್ದಿದ್ದು ಅದೇ. ಕಾರ್ಮಿನ್‌ಬಾಯಿ "ಹೇಯ್!" ಎಂದು ಕೋಲೆತ್ತಿದರು. ಹಸು ತಲೆಯೆತ್ತಿ ನಮ್ಮನ್ನು ನೋಡಿತು, ಬಾಯಲ್ಲಿ ಅರ್ಧ ಸೇವಂತಿಗೆ. ಅವರ ಕೈ ಹಾಗೇ ಕೆಳಗಿಳಿಯಿತು.

"ತಿನ್ಲಿ ಬಿಡಿ ಟೀಚರೇ" ಎಂದರು. "ಅವ್ರಿದ್ದಿದ್ರೆ ಅವ್ರೇ ಕೊಡ್ತಿದ್ರು."